ಮಡಚದ ಅಂಚು

ಕೆಂಪು, ವೈಪರ್ ಎಡಕ್ಕೆ ಹೋದಾಗ ಗಾಜು ತಿಳಿಯಾಗುತ್ತದೆ, ಬಲಕ್ಕೆ ಮರಳುವಷ್ಟರಲ್ಲಿ ಬಾನೆಟ್ಟಿನ ಮೇಲೆ ಗಾಳಿಗೆಂದು ಬಾಯಿ ತೆರೆದ ತಗಡಿನ ಸ್ಕೂಪಿನಿಂದ ಒಂದು ಎಳೆ ನೀರು ಗಾಳಿಯ ಹೊಡೆತಕ್ಕೆ ಹಿಂದಕ್ಕೆ ಹತ್ತಿ ಬಂದು ಗಾಜಿನ ಬುಡದಲ್ಲಿ ನಿಲ್ಲುತ್ತದೆ, ಮತ್ತೆ ಕೆಂಪು — ಅದಿರಿನ ದೂಳು ಅದು, ಬರೀ ದೂಳು, ಸಂಡೂರಿನಲ್ಲಿ ನಾಲ್ಕು ದಿನ ನಿಂತ ಯಾವ ಗಾಡಿಯೂ ಮಳೆಯಲ್ಲಿ ಹೀಗೇ ಇಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ನಾಲಗೆ ಮಾತ್ರ ಕೇಳದೆ ಎಡಗಡೆಯ ಕೋರೆಹಲ್ಲಿಗೇ ಹೋಗುತ್ತಿದೆ, ಹಲ್ಲು ಅಲುಗುತ್ತದೆ, ಉಪ್ಪು, ಬೆಳಿಗ್ಗೆ ಹನ್ನೊಂದೂವರೆಗೆ ಈ ಗಾಡಿ ಮುಚ್ಚಿಟ್ಟಿದ್ದ ಶೆಡ್ಡಿನಲ್ಲಿ ಈಶ್ವರ್ ಹೊಡೆದ ಏಟು, ಬರಿಗೈ ಅಲ್ಲ, ಮುಷ್ಟಿಯಲ್ಲಿ ಕೀಲಿ ಗೊಂಚಲಿತ್ತು, ಪೊಲೀಸ್ರಿಗೆ ಹೇಳಿಲ್ಲೇನ್ರಿ ಧಣೇರ ಎಂದಿದ್ದೆ, ಅಷ್ಟೇ ಕೇಳಿದ್ದು. ಈಗ ಅದೇ ಈಶ್ವರ್ ಪಕ್ಕದ ಸೀಟಿನಲ್ಲಿ, ಕಂಪ್ಲಿಯ ರೈಸ್ ಮಿಲ್ ನಾಗೇಂದ್ರಪ್ಪನವರ ಒಬ್ಬನೇ ಮಗ, ಇಪ್ಪತ್ತೇಳು ವರ್ಷ, ನನಗಿಂತ ಹದಿನೇಳು ವರ್ಷ ಚಿಕ್ಕವನು, ಚಪ್ಪಲಿ ಬಿಚ್ಚಿ ಎರಡೂ ಪಾದ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದಾನೆ, ಲೇ ಹುಲಿಗೇಶಾ, ಮೆರವಣಿಗಿ ಹೊಂಟಿ ಏನಲೇ, ಜಲ್ದಿ ಹೊಡಿ — ನಲವತ್ತರ ಮೇಲೆ ಬ್ಯಾಡ್ರಿ, ಘಾಟ್ ಐತಿ, ರಸ್ತೆ ಜಾರತೈತಿ — ಜಾರಿದ್ರ ಜಾರ್ಲಿ, ನೀ ಓಡಸಾಕತ್ತಿದ್ದಿ, ನಾ ಅಲ್ಲ. ಹೌದು, ಓಡಿಸುತ್ತಿರುವವನು ನಾನು, ಅದಕ್ಕೇ ನನ್ನನ್ನು ಕರೆಸಿದ್ದು, ಗ್ಯಾರೇಜಿನವನು ಸ್ಟೇರಿಂಗ್ ಹಿಡಿದರೆ ಯಾರೂ ಕೇಳುವುದಿಲ್ಲವಂತೆ, ಕೇಳಿದರೆ ಟ್ರಯಲ್ ನೋಡುತ್ತಿದ್ದೇನೆ ಎನ್ನಬೇಕಂತೆ, ಸಂಡೂರಿನಿಂದ ಹೊಸಪೇಟೆಯ ನನ್ನ ಟಿಂಕರಿಂಗ್ ಅಂಗಡಿಗೆ ಮೂವತ್ತು ಕಿಲೋಮೀಟರ್, ಸಂಜೆಯೊಳಗೆ ಬಂಪರ್ ಬದಲಿಸಬೇಕು, ಬಾನೆಟ್ ಕಳಚಬೇಕು, ಸ್ಕೂಪನ್ನು ಕತ್ತರಿಸಿ ಚೂರು ಮಾಡಿ ಗುಜರಿಗೆ ಹಾಕಬೇಕು. ಆ ಸ್ಕೂಪಿನೊಳಗೆ, ಜಾಲರಿಯ ನಾಲ್ಕನೆಯ ಕಣ್ಣಿನಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ಒಂದು ಬುಗುಡಿ.

ಮಳೆ ಜೋರಾಯಿತು, ಹನಿ ಬಾನೆಟ್ಟಿನ ಮೇಲೆ ಹುರಿಗಾಳಿನಂತೆ ಸಿಡಿಯುತ್ತಿದೆ, ಸ್ಕೂಪ್ ಬಾಯಿ ತೆರೆದುಕೊಂಡು ಎಲ್ಲವನ್ನೂ ನುಂಗುತ್ತಿದೆ, ಮುಚ್ಚಬೇಕು, ಈಗಲೇ ಮುಚ್ಚಬೇಕು, ಸ್ಕೂಪಿಗೆ ಹಾಕುವ ರೆಕ್ಸಿನ್ ಟೋಪಿ ಹಿಂದಿನ ಸೀಟಿನ ಕೆಳಗೇ ಬಿದ್ದಿದೆ, ನೋಡಿಕೊಂಡೇ ಗಾಡಿ ಹತ್ತಿದ್ದೇನೆ. ನಗು ಬರಬೇಕಾದ ಮಾತು, ಎರಡು ವಾರದ ಹಿಂದೆ ಇದೇ ಟೋಪಿಗಾಗಿ ಅವನ ಜೊತೆ ಅರ್ಧ ಗಂಟೆ ವಾದ ಮಾಡಿದ್ದೆ, ನೀರು ಹೋಗಂಗಿಲ್ರಿ ಧಣೇರ, ಹೋದ್ರೂ ಏನೂ ಆಗಂಗಿಲ್ಲ, ಈ ಬಾಯಿಗೆ ಬಂದ ಗಾಳಿ ಇಂಜಿನ್ ಹೊಟ್ಟಿಗೆ ಹೋಗಲ್ಲ, ನೆತ್ತಿ ಮ್ಯಾಲೆ ಕೂಲರ್ ಕುಂತೈತಲ್ಲ ಅದನ್ನ ತಂಪು ಮಾಡತೈತಿ ಅಷ್ಟ, ಇಂಜಿನ್ ಉಸುರು ತಗೊಳ್ಳೋ ಪೈಪು ಬ್ಯಾರೆ, ಮಡ್‌ಗಾರ್ಡ್ ಸಂದ್ಯಾಗ ಐತಿ — ಲೇ, ಮೂಗಿನ್ಯಾಗ ನೀರು ಹೋದ್ರ ಮನಿಶಾ ಸಾಯ್ತಾನೋ ಇಲ್ಲೋ — ಸಾಯ್ತಾನ್ರಿ, ಆದ್ರ ಇದು ಮೂಗಲ್ರಿ — ನಂಗ ಕಲಸಾಕ ಬರಬ್ಯಾಡ. ಇವನೊಬ್ಬನೇ ಅಲ್ಲ, ಸ್ಕೂಪ್ ಇರುವ ಗಾಡಿ ಇಟ್ಟ ಎಲ್ಲರಿಗೂ ಮಳೆ ಬಂತೆಂದರೆ ಇದೇ ದಿಗಿಲು, ಗೋಣಿಚೀಲ ತುರುಕುವವರು, ಹಳೇ ಲುಂಗಿ ತುರುಕುವವರು, ದೇವಸ್ಥಾನಕ್ಕೆ ಹೊರಟ ಕುಟುಂಬವೊಂದು ಹಂಪಿ ಬಜಾರಿನಲ್ಲಿ ಗಾಡಿ ನಿಲ್ಲಿಸಿ ಸ್ಕೂಪಿಗೆ ಕೊಡೆ ಹಿಡಿದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ, ಹೆಂಗಸರು ಮಕ್ಕಳು ನೆನೆಯುತ್ತಿದ್ದರು, ಗಾಡಿ ಕೊಡೆಯ ಕೆಳಗಿತ್ತು. ಈಶ್ವರ್ ರೆಕ್ಸಿನ್ ತಂದು ಅಳತೆ ಕೊಟ್ಟು ಟೋಪಿ ಹೊಲಿಸಿದ, ನಾಲ್ಕು ಮೂಲೆಗೆ ಮ್ಯಾಗ್ನೆಟ್, ನಾಲ್ಕು ಹನಿ ಬಿದ್ದರೆ ಇಳಿದು ಹಾಕುತ್ತಿದ್ದ. ಇವತ್ತು ಹಾಕಿಲ್ಲ. ಶೆಡ್ಡಿನಿಂದ ಹೊರಡುವಾಗ ಕೇಳಿದೆ, ಟೋಪಿ ಹಾಕ್ಲೇನ್ರಿ, ಮಳಿ ಬರಂಗೈತಿ. ಬ್ಯಾಡ ಬಿಡು, ಬರ್ಲಿ, ತೊಳದು ಹೋಗ್ಲಿ ಎಲ್ಲಾ. ಎಲ್ಲಾ ಎಂದ. ಅಂದರೆ ಗಾಡಿಯ ಮುಂದೆ ಹೋಗಿ ಬಾಗಿ ನೋಡುವ ಧೈರ್ಯ ಅವನಿಗೆ ಬಂದಿಲ್ಲ, ಏನೋ ಇದೆ ಎಂದಷ್ಟೇ ಗೊತ್ತು, ಅದನ್ನು ಮಳೆಯ ಪಾಲಿಗೆ ಬಿಟ್ಟಿದ್ದಾನೆ. ನೀರು ಹೋಗುವುದಿಲ್ಲ ಮುಚ್ಚಬೇಡಿ ಎಂದು ಹದಿನೈದು ವರ್ಷ ಗಿರಾಕಿಗಳಿಗೆ ಹೇಳಿದ ನನಗೆ ಇವತ್ತು ಅದರ ಮೇಲೆ ಟೋಪಿ ಬೇಕು, ಮುಚ್ಚಿ ಮುಚ್ಚಿ ಸಾಯುತ್ತಿದ್ದ ಅವನಿಗೆ ಬೇಡ.

ಟಿಪ್ಪರ್ ಒಂದು ಎದುರಿಗೆ ಬಂತು, ಅದರ ಚಕ್ರದ ಕೆಸರು ಪೂರ್ತಿ ಗಾಜಿಗೆ ಬಡಿಯಿತು, ಒಂದು ಸೆಕೆಂಡ್ ಏನೂ ಕಾಣಲಿಲ್ಲ, ಆ ಒಂದು ಸೆಕೆಂಡಿನಲ್ಲಿ ಸ್ಟೇರಿಂಗನ್ನು ಒಂದು ಗೇಣು ಬಲಕ್ಕೆ ತಿರುಗಿಸಿದ್ದರೆ, ಹದಿನಾರು ಟನ್ ಅದಿರು, ಇವನ ಪಾದ ಮೊದಲು, ಮೊಣಕಾಲು, ಆಮೇಲೆ ತಲೆ, ನಾನೂ — ತಿರುಗಿಸಲಿಲ್ಲ, ಕೈ ತನ್ನಷ್ಟಕ್ಕೆ ನೆಟ್ಟಗೆ ಹಿಡಿದಿತ್ತು, ಒಳ್ಳೆಯ ಕೈ, ತಗಡಿನ ಮೇಲೆ ಗೆರೆ ಹಾಕದೆ ಕತ್ತರಿಸುವ ಕೈ ಎಂದು ಸ್ಟೇಷನ್ ರಸ್ತೆಯಲ್ಲೆಲ್ಲ ಹೆಸರು, ಆ ಕೈಯೇ ಮಾಡಿದ್ದು ಈ ಸ್ಕೂಪನ್ನು. ಆಯುಧ ಪೂಜೆಗೆ ಮೂರು ದಿನ ಇತ್ತು, ಅಂಗಡಿ ಮುಂದೆ ಹನ್ನೊಂದು ಗಾಡಿ, ಈಶ್ವರ್ ಬಂದ, ಕಂಪನಿಯವರು ಕೊಟ್ಟ ಸ್ಕೂಪು ಬೆಕ್ಕಿನ ಬಾಯಿ ಇದ್ದಂಗೈತಿ, ನಂಗ ಹುಲಿ ಬಾಯಿ ಬೇಕು, ನಿನ್ನ ಹೆಸರಿನ್ಯಾಗ ಹುಲಿ ಐತಲ್ಲಲೇ. ಇಪ್ಪತ್ತೆರಡು ಗೇಜ್ ತಗಡು, ಮುಕ್ಕಾಲು ಮಿಲಿಮೀಟರ್ ದಪ್ಪ, ಬಾಯಿ ಅಗಲ ನಲವತ್ತೆರಡು ಸೆಂಟಿಮೀಟರ್, ಎತ್ತರ ಹನ್ನೊಂದು, ಹಿಂದೆ ಜಾಲರಿ. ಹಸಿ ತಗಡಿನ ಅಂಚನ್ನು ಒಳಕ್ಕೆ ಮಡಚಿ ಬಡಿದು ಗುಂಡಗೆ ಮಾಡಬೇಕು, ಇದು ಮೊದಲ ಪಾಠ, ಕೊಪ್ಪಳದಲ್ಲಿ ಕೆಲಸ ಕಲಿಸಿದ ಮೇಸ್ತ್ರಿ ಮಡಚದ ಅಂಚಿನ ಮೇಲೆ ನನ್ನ ಹೆಬ್ಬೆರಳು ಎಳೆದು ಕಲಿಸಿದ್ದ, ಗಾಯದ ಗುರುತು ಈಗಲೂ ಇದೆ, ಸ್ಟೇರಿಂಗಿನ ಮೇಲೆ ಕಾಣುತ್ತಿದೆ, ಬಿಳಿ ಗೆರೆ. ಮಡಚುವ ಕೆಲಸಕ್ಕೆ ಎರಡು ಗಂಟೆ ಬೇಕು, ಬಾಗಿದ ಅಂಚಾದರೆ ಮೂರು. ನಾನು ಮಡಚಲಿಲ್ಲ. ಅಂಚಿನ ಮೇಲೆ ಬೀಡಿಂಗ್ ಎನ್ನುವ ಕಪ್ಪು ರಬ್ಬರ್ ಪಟ್ಟಿ ಒತ್ತಿ ಕೂರಿಸಿದೆ, ಹತ್ತು ನಿಮಿಷದ ಕೆಲಸ, ನೋಡಲು ಇನ್ನೂ ಚಂದ, ಹಬ್ಬ ಮುಗಿದ ಮೇಲೆ ತರ್ರಿ ಮಡಚಿ ಕೊಡ್ತೀನಿ ಎಂದೆ, ಅವನು ಕೇಳಿಸಿಕೊಳ್ಳಲಿಲ್ಲ, ಬೂದುಗುಂಬಳಕಾಯಿ ಒಡೆದ, ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ ಎಂದಿತು, ಸ್ಕೂಪಿನ ಬಾಯಿಗೆ ಕುಂಕುಮ ಮೆತ್ತಿದ, ಮಸ್ತ್ ಆಗೈತಲೇ ಎಂದ.

ಸೀತಾಫಲ. ವಾಸನೆ ಇನ್ನೂ ಇದೆ ಗಾಡಿಯಲ್ಲಿ, ಅಥವಾ ನನ್ನ ಮೂಗಿನಲ್ಲಿ. ಘಾಟಿನ ಕೆಳಗಿನ ತಿರುವಿನಲ್ಲಿ ಪುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು ಗಾಳೆಮ್ಮ, ಅರವತ್ತರ ಆಸುಪಾಸು, ಬಸ್ಸು ನಿಂತರೆ ಕಿಟಕಿಗೆ ಹಣ್ಣು ಎತ್ತಿ ಹಿಡಿಯುತ್ತಿದ್ದಳು, ಸೀಜನ್ನಿನಲ್ಲಿ ಸಂಡೂರಿಗೆ ಹೋದಾಗಲೆಲ್ಲ ಅವಳ ಹತ್ತಿರವೇ ನನ್ನ ವ್ಯಾಪಾರ, ಎಡಗಿವಿಯ ಮೇಲುಗಡೆ ಕೆಂಪು ಹರಳಿನ ಬುಗುಡಿ, ಬಲಗಿವಿ ಬೋಳು. ಒಂದ ಕಿವ್ಯಾಗ ಹಾಕೀರಲ್ಲಬೇ, ಇನ್ನೊಂದು ಎಲ್ಲಿ ಎಂದು ಕೇಳಿದ್ದೆ. ಇನ್ನೊಂದು ಕಿವಿ ಗಂಡನ ಮಾತು ಕೇಳಾಕ ಖಾಲಿ ಬಿಟ್ಟೀನಿ, ಆತ ಸತ್ತು ಹನ್ನೆರಡು ವರ್ಷ ಆತು, ಇನ್ನೂ ಬೈತಾನ, ಕೇಳತೈತಿ ಎಂದು ನಕ್ಕಿದ್ದಳು, ಹೊಲದಲ್ಲಿ ಕಳೆಯಿತು ಎಂದು ಆಮೇಲೆ ಹೇಳಿದಳು. ಹೋದ ಗುರುವಾರ ಮಳೆ ನಿಂತಿತ್ತು, ತಿರುವಿನಲ್ಲಿ ಕೆಂಪು ನೀರು ಮೊಣಕಾಲಷ್ಟು, ಈಶ್ವರ್ ವೇಗ ಇಳಿಸದೆ ಹೊಡೆದ, ನೀರು ಎದ್ದು ಅವಳ ಎರಡು ಪುಟ್ಟಿ ಹಣ್ಣಿನ ಮೇಲೆ, ಸೀರೆಯ ಮೇಲೆ, ಮುಖದ ಮೇಲೆ, ಇವನು ಮುಂದೆ ನಿಲ್ಲಿಸಿ ಹಿಂದಕ್ಕೆ ನೋಡಿ ನಕ್ಕ, ಅವಳು ಎದ್ದು ಬಂದಳು, ಕೈಯಲ್ಲಿ ಬಿರಿದ ಹಣ್ಣು, ಗಾಡಿಯ ಮುಂದೆ ನಿಂತು ಗುರಿ ಇಟ್ಟು ಎಸೆದಳು, ಹಣ್ಣು ಸೀದಾ ಸ್ಕೂಪಿನೊಳಗೆ. ತಿನ್ಲಿ ತಗೋ, ಹಸದು ಬಾಯಿ ತಕ್ಕೊಂಡು ನಿಂತೈತಿ ನಿನ್ನ ಗಾಡಿ, ನಿಮ್ಮಪ್ಪ ಉಣ್ಣಾಕ ಹಾಕಂಗಿಲ್ಲೇನು. ಬಸ್ಸೊಂದು ನಿಂತಿತ್ತು, ಬಸ್ಸಿಗೆ ಬಸ್ಸೇ ನಕ್ಕಿತು, ಯಾರೋ ಫೋನಿನಲ್ಲಿ ತೆಗೆದರು, ಸಂಜೆಯೊಳಗೆ ಕಂಪ್ಲಿಯವರೆಗೆ ಎಲ್ಲರ ಕೈಯಲ್ಲೂ ಅದೇ, ನಾನೂ ಅದರಲ್ಲೇ ನೋಡಿದ್ದು, ಮಿಲ್ಲಿನ ಹಮಾಲರು ಕೂಡ ನೋಡಿ ನಕ್ಕರಂತೆ. ಶುಕ್ರವಾರ ಗಾಡಿ ನನ್ನ ಅಂಗಡಿಗೆ ಬಂತು, ಜಾಲರಿ ತುಂಬ ಅಂಟು, ಕಪ್ಪು ಬೀಜ, ಇರುವೆ, ನಾನೂ ಒಳಗೊಳಗೇ ನಗುತ್ತ ಬೀಜ ಕಿತ್ತೆ, ಇಪ್ಪತ್ತಮೂರು ಬೀಜ, ಬೀಡಿಂಗಿನ ಸಂದಿನಲ್ಲೂ ತಿರುಳು ಸಿಕ್ಕಿತ್ತು, ಬೀಡಿಂಗನ್ನು ಎಳೆದು ತೆಗೆದು ಸೋಪು ಹಾಕಿ ತೊಳೆದು ಒಣಗಲೆಂದು ಬಾಗಿಲ ಮೊಳೆಗೆ ನೇತುಹಾಕಿ ಊಟಕ್ಕೆ ಹೋದೆ. ಬಂದಾಗ ಗಾಡಿ ಇರಲಿಲ್ಲ. ಫೋನ್ ಮಾಡಿದೆ, ಧಣೇರ, ರಬ್ಬರ್ ಇಲ್ಲೇ ಉಳದೈತಿ, ಅಂಚು ಬರೀ ಅಂಚು ಐತಿ, ಕೈ ಕೊಯ್ತೈತಿ ಹುಷಾರು — ಇರ್ಲಿ ಬಿಡು, ರಬ್ಬರ್ ಇಲ್ದಿದ್ರ ಇನ್ನೂ ಖಡಕ್ ಕಾಣತೈತಿ. ಎರಡನೇ ಸಲ ಫೋನ್ ಮಾಡಲಿಲ್ಲ ನಾನು. ಶನಿವಾರ ಮಾಡಲಿಲ್ಲ, ಭಾನುವಾರ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಮಳೆ ಬಂತು.

ಸೋಮವಾರದ ಪತ್ರಿಕೆಯಲ್ಲಿ ನಾಲ್ಕು ಸಾಲು, ಒಳಪುಟ, ಅಪರಿಚಿತ ವಾಹನ ಡಿಕ್ಕಿ, ಸೀತಾಫಲ ಮಾರುತ್ತಿದ್ದ ಮಹಿಳೆ ಸ್ಥಳದಲ್ಲೇ ಸಾವು, ಕುತ್ತಿಗೆಗೆ ತೀವ್ರ ಗಾಯ. ಕುತ್ತಿಗೆ ಎಂಬ ಪದದ ಮೇಲೆ ನನ್ನ ಚಹಾದ ಲೋಟ ಇತ್ತು, ಎತ್ತಿದಾಗ ಕಂಡಿತು. ಡಿಕ್ಕಿಗೆ ಕಾಲು ಮುರಿಯುತ್ತದೆ, ಸೊಂಟ ಮುರಿಯುತ್ತದೆ, ತಲೆ ಒಡೆಯುತ್ತದೆ, ಕುತ್ತಿಗೆ ಕೊಯ್ಯುವುದಿಲ್ಲ, ಕೊಯ್ಯಬೇಕಾದರೆ ಅಂಚು ಬೇಕು. ಮೊಳೆಯಲ್ಲಿ ಬೀಡಿಂಗ್ ನೇತಾಡುತ್ತಿತ್ತು, ಮೂರು ದಿನದಿಂದ ಒಣಗಿ ಗರಿಗರಿ. ಆದರೂ ಅಂದುಕೊಂಡೆ, ಮಳೆ, ತಿರುವು, ಕಂಡಿರಲಿಕ್ಕಿಲ್ಲ, ಬ್ರೇಕ್ ಹಿಡಿದಿರಲಿಕ್ಕಿಲ್ಲ — ಇವತ್ತು ಶೆಡ್ಡಿನಲ್ಲಿ ತಾಡಪಾಲು ಎಳೆದೆ, ಗಾಡಿ ಎಲ್ಲವನ್ನೂ ಹೇಳಿತು, ಗುದ್ದು ಓದುವುದು ನನ್ನ ಕಸುಬು, ತಪ್ಪಿಸಲು ಹೋದವನ ಗುದ್ದು ಮೂಲೆಯಲ್ಲಿರುತ್ತದೆ, ಬ್ರೇಕ್ ಹಿಡಿದವನ ಗಾಡಿಯ ಮೂತಿ ಕೆಳಗಿಳಿದು ಬಂಪರಿನ ಗುದ್ದು ಮೇಲಕ್ಕೆ ಬರುತ್ತದೆ, ಇದು ನಟ್ಟನಡುವೆ, ಬಂಪರಿನ ಸೊಟ್ಟು ಮೊಣಕಾಲು, ಬಾನೆಟ್ಟಿನ ಗುಂಡಿ ಸೊಂಟ, ಅಲ್ಲಿಂದ ನೇರ ಮೇಲಕ್ಕೆ ಸ್ಕೂಪ್, ಒಂದೇ ಗೆರೆಯಲ್ಲಿ ಮೂರು, ಗೆರೆ ಎಳೆದು ಗುರಿ ಹಿಡಿದ ಹಾಗೆ, ಅವಳು ಹಣ್ಣು ಎಸೆದ ಹಾಗೆ. ನಾಲ್ಕು ಹನಿಗೇ ಇಳಿಯುತ್ತಿದ್ದವನು ಆ ಮಳೆಯಲ್ಲಿ ಟೋಪಿ ಹಾಕಲೂ ಇಳಿದಿರಲಿಲ್ಲ. ಬಾಗಿ ಒಳಗೆ ನೋಡಿದೆ. ಜಾಲರಿಯಲ್ಲಿ ಬಿಳಿ ಕೂದಲ ಎಳೆಗಳು, ಒಣಗಿ ಕಪ್ಪಾದದ್ದು ಏನೋ ಬೆರಳುಗುರಿನಷ್ಟು, ಅದಕ್ಕೆ ಸಿಕ್ಕಿಕೊಂಡು ಬುಗುಡಿ. ಎಣಿಸಿದೆ, ಎಡದಿಂದ ನಾಲ್ಕನೆಯ ಕಣ್ಣು. ಆಮೇಲೆ ಪೊಲೀಸರಿಗೆ ಹೇಳಿಲ್ಲವೇ ಎಂದು ಕೇಳಿದೆ, ಆಮೇಲೆ ಕೀಲಿ ಗೊಂಚಲು, ಹಲ್ಲು, ನೆಲ. ಲೇ, ಪೊಲೀಸ್ರು ಬಂದ್ರ ಮೊದ್ಲು ಕೇಳೋದೇ ಈ ಬಾಯಿ ಯಾವನು ಮಾಡ್ಯಾನ ಅಂತ, ರೂಲ್ಸಿನ್ಯಾಗ ಐತೇನು ಇದು, ಚಾಕು ಕಟ್ಟಿ ಕೊಟ್ಟಾವ ನೀನು, ನಾ ಬರೇ ಓಡ್ಸೀನಿ. ಅದು ಸುಳ್ಳಲ್ಲ, ಅದೇ ತೊಂದರೆ, ಅವನು ಹೇಳಿದ ಹತ್ತು ಮಾತಿನಲ್ಲಿ ಅದೊಂದು ನಿಜ, ನಾನು ಬಾಯಿ ಬಿಟ್ಟರೆ ನನ್ನ ಅಂಚೂ ಮಾತಾಡುತ್ತದೆ.

ತಿರುವು ಬಂತು. ನೋಡಬಾರದು ಎಂದುಕೊಂಡೆ, ನೋಡಿದೆ, ಬೆಳಿಗ್ಗೆ ಬಸ್ಸಿನಿಂದ ಕಂಡ ಹಾಗೇ ಇದ್ದಾಳೆ, ಗಾಳೆಮ್ಮನ ಮಗಳು ಸುನಿತಾ, ತಲೆಯ ಮೇಲೆ ಗೊಬ್ಬರದ ಚೀಲ ಕೊಪ್ಪೆ ಮಾಡಿ ಹೊದ್ದು ರಸ್ತೆ ಬದಿಯ ಕೆಸರನ್ನು ಅಕ್ಕಿ ಸಾಣಿಸುವ ಸಾಣಿಗೆಗೆ ತುಂಬಿ ನೀರಿನಲ್ಲಿ ಆಡಿಸುತ್ತಿದ್ದಾಳೆ, ಬಸ್ಸಿನ ಕಂಡಕ್ಟರ್ ಹೇಳಿದ್ದ, ನಾಕು ದಿನ ಆತ್ರಿ, ಅವ್ವನ ಬುಗುಡಿ ಸಿಗ್ವಲ್ದಂತ, ಕಿವಿ ಹರದಿತ್ತಂತ, ಅದು ಸಿಗೋತನಕ ಮನಿಗೆ ಹೋಗಂಗಿಲ್ಲ ಅಂತಾಳ. ಸಾಣಿಗೆ ಎತ್ತುತ್ತಾಳೆ, ಕೆಂಪು ನೀರು ಸೋರುತ್ತದೆ, ಕಲ್ಲು ಉಳಿಯುತ್ತದೆ, ಬೆರಳಾಡಿಸುತ್ತಾಳೆ, ಚೆಲ್ಲುತ್ತಾಳೆ. ಯಾರಲೇ ಅಕಿ, ಮಳ್ಯಾಗ ಮಣ್ಣು ಸಾಣಸಾಕತ್ಯಾಳ, ಬಂಗಾರ ಸಿಕ್ತೈತಂತೇನು ಇಲ್ಲಿ, ಎಂದು ಈಶ್ವರ್ ನಕ್ಕ, ನಿಜವಾಗಿಯೂ ಅವನಿಗೆ ಗೊತ್ತಿಲ್ಲ, ಅವಳು ತಲೆಯೆತ್ತಿ ಗಾಡಿ ನೋಡಿದಳು, ಮಳೆಗೆ ಗುರುತು ಸಿಕ್ಕಿರಲಿಕ್ಕಿಲ್ಲ, ಅವಳು ಹುಡುಕುತ್ತಿದ್ದ ಬುಗುಡಿ ಅವಳ ಮುಖದಿಂದ ನಾಲ್ಕು ಅಡಿ ದೂರದಲ್ಲಿ ದಾಟಿ ಹೋಯಿತು, ನಾನೇ ದಾಟಿಸಿದೆ. ಕಿತ್ತು ಕೊಟ್ಟುಬಿಡಬಹುದಿತ್ತು, ನಿಲ್ಲಿಸಿ ಇಳಿದು ತಗೋಬೇ ಎಂದು. ಆದರೆ ನನ್ನ ಕೈಯಲ್ಲಿದ್ದರೆ ಅದು ರಸ್ತೆಯಲ್ಲಿ ಸಿಕ್ಕ ಬುಗುಡಿ, ಕದ್ದ ಬುಗುಡಿ, ಜಾಲರಿಯಲ್ಲಿದ್ದರೆ ಸಾಕ್ಷಿ. ಅಲ್ಲೇ ಇರಬೇಕು, ಕೂದಲು ಬಿಡಬಾರದು, ನೀರು ಅದನ್ನು ಸಡಿಲ ಮಾಡುತ್ತಿದೆ, ಒಣಗಿದ ರಕ್ತ ಅಂಟಿನ ಹಾಗೆ ಹಿಡಿದಿತ್ತು, ಈಗ ಕರಗುತ್ತಿದೆ, ಮುಂದಿನ ಹಳ್ಳದಲ್ಲಿ ಗಾಡಿ ಕುಕ್ಕಿದರೆ ಜಾಲರಿಯಿಂದ ಜಾರಿ ಇಂಜಿನ್ನಿನ ಸಂದಿಗೆ, ಅಲ್ಲಿಂದ ರಸ್ತೆಗೆ, ಅವಳ ಸಾಣಿಗೆಯಿಂದ ಹತ್ತು ಕಿಲೋಮೀಟರ್ ಆಚೆಗೆ — ಹಳ್ಳ, ಬ್ರೇಕ್, ಮೆಲ್ಲಗೆ, ಎತ್ತಿನ ಗಾಡಿ ಓಡಸಾಕತ್ತಿ ಏನಲೇ, ಮೆಲ್ಲಗೆ, ಗಾಜಿನ ಬುಡದಲ್ಲಿ ಕೆಂಪು ತೆಳುವಾಗುತ್ತ ಬಂದಿದೆ, ತೊಳೆದು ಹೋಗುತ್ತಿದೆ.

ರೈಲ್ವೆ ಗೇಟು ಬಿದ್ದಿದೆ. ಮುಂದೆ ಒಂದು ಬಸ್ಸು, ಎರಡು ಆಟೋ, ಹಿಂದೆ ಟಿಪ್ಪರ್ ಬಂದು ನಿಂತಿತು, ಅದಿರಿನ ಗೂಡ್ಸ್ ಬರುವುದಿದ್ದರೆ ಹತ್ತು ನಿಮಿಷ ಗ್ಯಾರಂಟಿ, ಹತ್ತು ನಿಮಿಷದ ಮಳೆ, ಗೇಟು ದಾಟಿ ಮೂರು ಕಿಲೋಮೀಟರಿಗೆ ನನ್ನ ಅಂಗಡಿ, ಎಲೆಕ್ಟ್ರಿಕ್ ಕತ್ತರಿ, ಚೂರು. ಬ್ರೇಕ್ ಒತ್ತಿ ಹಿಡಿದು, ಗೇರಿನಲ್ಲಿದ್ದ ಹಾಗೇ ಕ್ಲಚ್ ಬಿಟ್ಟೆ, ಗಾಡಿ ಒದೆ ತಿಂದ ಎಮ್ಮೆಯಂತೆ ಕುಕ್ಕಿ ಸತ್ತಿತು. ಕೀಲಿಯನ್ನು ಅರ್ಧಕ್ಕೇ ತಿರುಗಿಸಿ ಬಿಟ್ಟೆ, ಕರ್ ಎಂದಿತು, ಇನ್ನೊಮ್ಮೆ ಅರ್ಧಕ್ಕೆ. ಏನಾತಲೇ — ನೀರು ಹೋಗೈತ್ರಿ ಧಣೇರ — ಎಲ್ಲಿ — ಬಾಯಾಗ, ನೀವ ಹೇಳಿದ್ರಲ್ರಿ, ನಾನ ಕೇಳ್ಲಿಲ್ಲ, ಮೂಗಿನ್ಯಾಗ ಹೋಗೈತಿ, ಇನ್ನ ನಾಕು ಹನಿ ಹೋದ್ರ ಇಂಜಿನ್ ಹಿಡಕೊಂತೈತಿ, ಇಲ್ಲೇ ನಿಂದ್ರತೈತಿ, ಕ್ರೇನ್ ಬರಬೇಕು, ಜನಾ ಕೂಡ್ತಾರ. ಜನ ಎಂಬ ಪದಕ್ಕೆ ಅವನ ಪಾದ ಡ್ಯಾಶ್‌ಬೋರ್ಡಿನಿಂದ ಇಳಿಯಿತು. ಮುಚ್ಚಲೇ ಮತ್ತ, ಟೋಪಿ ಹಾಕಲೇ ಸೂಳೆಮಗನ, ಏನ್ ನೋಡ್ತಿ. ಹದಿನೈದು ವರ್ಷ ನಾನು ನಕ್ಕ ಸುಳ್ಳು ಒಂದೇ ನಿಮಿಷದಲ್ಲಿ ನನ್ನ ಕೆಲಸ ಮಾಡಿತು, ಟೋಪಿ ಕೈಯಲ್ಲಿ, ಮಳೆ ಬೆನ್ನಿನ ಮೇಲೆ, ಬಾನೆಟ್ ಬಿಸಿ, ಬಾಗಿದೆ, ಇದೆಯಾ, ಇದೆ, ನಾಲ್ಕನೆಯ ಕಣ್ಣು, ಆದರೆ ಎಳೆಗಳೆಲ್ಲ ಹೋಗಿ ಒಂದೇ ಒಂದು ಬಿಳಿ ಕೂದಲು ಉಳಿದಿದೆ, ಬುಗುಡಿ ಅದರಲ್ಲಿ ತೂಗುತ್ತಿದೆ, ಕೆಂಪು ಹರಳು ತೊಳೆದು ಹೊಸದರಂತಾಗಿದೆ, ಮುಚ್ಚು, ಮುಚ್ಚಬೇಕು, ಕೈ ಏಕೆ ನಿಂತಿತು, ಬಾಗಿಲು ಬಡಿದ ಸದ್ದು, ಅವನು ಇಳಿದಿದ್ದಾನೆ, ಪಕ್ಕಕ್ಕೇ ಬಂದಿದ್ದಾನೆ, ಏನಲೇ ಅದು, ಏನ್ ಐತಿ ಒಳಗ, ಸರಿ, ಸರಿಯಲೇ — ಕಂಡಿತು ಅವನಿಗೆ. ಒಂದು ಕ್ಷಣ ಅವನ ಮುಖ ಚಿಕ್ಕ ಹುಡುಗನದಾಯಿತು. ಆಮೇಲೆ ಕೈ ಒಳಗೆ ಹಾಕಿದ, ಬಲಗೈ, ಮಣಿಕಟ್ಟಿನವರೆಗೆ, ಬೆರಳು ಜಾಲರಿ ಕೆರೆಯುವ ಸದ್ದು ಕೇಳಿತು.

ಯೋಚಿಸಲಿಲ್ಲ ಎಂದು ಹೇಳಲಾರೆ. ಯೋಚಿಸಿದೆ, ತಗಡು ಮುಕ್ಕಾಲು ಮಿಲಿಮೀಟರ್ ಎಂದು ಯೋಚಿಸಿದೆ, ಮೇಲಂಚು ಬಲಗಡೆ ಸ್ವಲ್ಪ ಕೆಳಗೆ ಬಾಗಿದೆ ಎಂದು ಯೋಚಿಸಿದೆ, ಅವನ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮೂವತ್ತು ವರ್ಷ ಸುತ್ತಿಗೆ ಹಿಡಿದ ತೋಳಿನ ಭಾರ ಹಾಕಿ ಮೇಲಕ್ಕೆತ್ತಿ ಹಿಂದಕ್ಕೆಳೆದೆ, ಮೇಸ್ತ್ರಿ ನನ್ನ ಹೆಬ್ಬೆರಳು ಎಳೆದ ಹಾಗೆ, ಹಸಿ ರೆಕ್ಸಿನ್ ಸೀಳಿದ ಸದ್ದು. ಅವನು ಕೂಗಿದ್ದು ದೂರದಲ್ಲಿ ಗೂಡ್ಸ್ ಊದಿದ ಸೀಟಿಗಿಂತ ಜೋರು, ಕೈ ಹೊರಗೆ ಬಂತು, ಬೆರಳುಗಳಲ್ಲಿ ಏನೂ ಇರಲಿಲ್ಲ, ಮಣಿಕಟ್ಟಿನ ಮೇಲೆ ಬಾಯಿಯಂಥದೇ ಒಂದು ಬಾಯಿ ತೆರೆದುಕೊಂಡಿತ್ತು, ರಕ್ತ ಸ್ಕೂಪಿನ ಮೇಲೆ, ನನ್ನ ಅಂಗಿಯ ಮೇಲೆ, ದೂಳಲ್ಲ, ಇದು ದೂಳಲ್ಲ, ನನ್ನ ತಗಡು ಎರಡನೇ ಸಲ ಕೊಯ್ದಿತ್ತು, ಈ ಸಲ ನನ್ನ ಕೈಯಿಂದಲೇ. ಎಡಗೈ ಮುಷ್ಟಿ ನನ್ನ ಮುಖಕ್ಕೆ ಬಂತು, ಕೋರೆಹಲ್ಲು ಹೋಯಿತು, ನುಂಗಿದೆ, ಆಟೋದವರು ಓಡಿ ಬಂದರು, ಬಸ್ಸಿನ ಕಿಟಕಿ ತುಂಬ ತಲೆ, ಯಾರೋ ಅವನ ಕೈಗೆ ಟವೆಲ್ ಬಿಗಿಯುತ್ತಿದ್ದಾರೆ, ಈಶ್ವರ್ ಅರಚುತ್ತಿದ್ದಾನೆ, ಹಿಡೀರಿ ಅವನ್ನ, ಕೊಲ್ಲಾಕ ಬಂದಾನ ನನ್ನ, ಹಿಡೀರಿ, ಒಬ್ಬಳು ಹುಡುಗಿ ಫೋನ್ ಎತ್ತಿ ಹಿಡಿದಿದ್ದಾಳೆ — ತಗೀವಾ, ವಿಡಿಯೋ ತಗಿ, ನನ್ನ ಮುಖ ಅಲ್ಲವಾ, ಇಲ್ಲಿ ಬಾ, ಇದರ ಬಾಯೊಳಗ ತಗಿ, ಇದನ್ನ ಮಾಡಿದಾವ ನಾನು, ಹುಲಿಗೇಶ್ ಅಂತ ಬರಕೋ, ಅಂಚು ಮಡಚಿಲ್ಲ ನಾನು, ಅದನ್ನೂ ಬರಕೋ, ಒಳಗ ನೋಡು, ಒಳಗ — ಹಿಂದಿನಿಂದ ಯಾರೋ ಕಾಲರ್ ಹಿಡಿದು ಎಳೆಯುತ್ತಿದ್ದಾರೆ, ಬೆನ್ನಿಗೆ ಒದೆ, ಪಕ್ಕೆಗೆ ಒದೆ, ಟೋಪಿ ಕೆಸರಿಗೆ ಬಿತ್ತು, ಎಟುಕುವುದಿಲ್ಲ, ಎದೆಯನ್ನೇ ಸ್ಕೂಪಿನ ಮೇಲೆ ಹಾಕಿ ಬಾನೆಟ್ಟನ್ನು ತಬ್ಬಿದ್ದೇನೆ, ಅಂಚು ಅಂಗಿ ದಾಟಿ ಪಕ್ಕೆಲುಬಿಗೆ ಇಳಿಯುತ್ತಿದೆ, ಒದೆ ಬಿದ್ದಷ್ಟೂ ಇಳಿಯುತ್ತದೆ, ಇಳಿಯಲಿ, ಮಳೆ ಈಗ ನನ್ನ ಬೆನ್ನಿನ ಮೇಲೆ ಬೀಳುತ್ತಿದೆ, ಒಳಗೆ ಬೀಳುತ್ತಿಲ್ಲ, ಗೂಡ್ಸ್ ಬಂತು, ನೆಲ ನಡುಗುತ್ತಿದೆ, ಬಾನೆಟ್ ನಡುಗುತ್ತಿದೆ, ಜಾಲರಿ ನಡುಗುತ್ತಿದೆ, ತಲೆ ಕೆಳಗೆ ಮಾಡಿದರೆ ಒಂದು ಗೇಣು ದೂರದಲ್ಲಿ ಕಾಣುತ್ತದೆ, ಬಿಡಬೇಡ, ಒಂದೇ ಬಿಳಿ ಕೂದಲು, ಕೆಂಪು ಹರಳು, ನಾಲ್ಕನೆಯ ಕಣ್ಣು, ಬಿಡಬೇಡ, ಬುಗುಡಿ, ಒಂದೇ ಕೂದಲಿನಲ್ಲಿ ಬುಗುಡಿ, ಬುಗುಡಿ —